ಬರ್ಫ ಇಲ್ಲದ ತಿಂಗಳು

ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯಲ್ಲಿ ಹೆಸರಿನ ಸುಗ್ಗಿ ಮುಗಿಯುತ್ತ ಬಂದಿದೆ. ಊರೊಳಗಿನ ಸಿಸಿ ರಸ್ತೆಯೇ ಕಣ. ಅರ್ಧ ರಸ್ತೆಗೆ ಹೆಸರು ಹರವಿ, ಇನ್ನರ್ಧ ಗಾಡಿಗಳಿಗೆ ಬಿಟ್ಟಿದ್ದಾರೆ. ಸಂಜೆ ಬೇವಿನ ಮರದ ಕಟ್ಟೆಯ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬರು ನಿವೃತ್ತರಾದ ದೈಹಿಕ ಶಿಕ್ಷಕರು. ಇನ್ನೊಬ್ಬ ಅವರ ಕೈಯಲ್ಲಿ ಕಲಿತವನು, ಈಗ ಎರಿ ಹೊಲದ ರೈತ, ಏಳನೇ ಇಯತ್ತೆ ಓದುವ ಮಗಳ ತಂದೆ. ಇಬ್ಬರ ನಡುವೆ ಒಂದು ಜೊತೆ ಗಾಲಿ ಬೂಟು.

ರೈತ: ಸರ, ಈ ಬೂಟು ನಿಮ್ಮ ಹತ್ರ ಇರಲಿ. ಮನ್ಯಾಗ ಇಟ್ರ ಈಕಿ ಮತ್ತ ಹಾಕ್ಕೊಂತಾಳ. ನಿನ್ನಿ ಬಿದ್ದು ಮೊಣಕಾಲು ತರಚಿಕೊಂಡಾಳ.

ಮಾಸ್ತರು: ಎಲ್ಲಿ ಬಿದ್ಲು?

ರೈತ: ಇಲ್ಲೇ, ಈ ರಸ್ತೇದಾಗ. ಹೆಸರು ಬಳಿದು ಚೀಲ ತುಂಬಿದ್ವಿ. ಎಷ್ಟು ಬಳಿದ್ರೂ ಸಂದ್ಯಾಗ ನಾಕು ಕಾಳು ಉಳೀತಾವಲ್ರಿ. ಗಾಲಿ ಕೆಳಗ ಕಾಳು ಸಿಕ್ತು. ಕಾಲು ಒಂದ್ ಕಡೆ, ಹುಡುಗಿ ಒಂದ್ ಕಡೆ.

ಮಾಸ್ತರು: ತಾ ಇಲ್ಲಿ. ನೋಡು, ಈ ಗಾಲಿ ತಿರುವಿದ್ರ ಮೂರ ಸುತ್ತಿಗೆ ನಿಲ್ಲತೈತಿ. ಬೇರಿಂಗಿನ್ಯಾಗ ಮಣ್ಣು ಕೂತೈತಿ. ಹಾಂ, ಇಲ್ಲೈತಿ ನೋಡು ನಿಮ್ಮ ಹೆಸರುಕಾಳು, ಗಾಲಿಗೂ ಅಚ್ಚಿಗೂ ನಡುವ ಸಿಕ್ಕೊಂಡೈತಿ. ಹುಡುಗಿ ತಪ್ಪು ಏನೂ ಇಲ್ಲಪಾ. ಅದಿರಲಿ, ನೀ ಬೂಟು ಕೊಡಾಕ ಬಂದೀಯೋ, ಏನರ ಕೇಳಾಕ ಬಂದೀಯೋ?

ರೈತ: ಖರೆ ಹೇಳಬೇಕಂದ್ರ ಕೇಳಾಕ ಬಂದೀನ್ರಿ. ಓಟ ನಮಗ ಗೊತ್ತು, ಕುಸ್ತಿ ಗೊತ್ತು, ಕಬಡ್ಡಿ ಗೊತ್ತು. ಗಾಲಿ ಕಟ್ಟಿಕೊಂಡು ಓಡೂದು ನಮ್ಮ ಸೀಮಿ ಆಟ ಅಲ್ಲ. ಮೊಬೈಲ್‌ನ್ಯಾಗ ಯಾರೋ ಗೆದ್ದಿದ್ದು ನೋಡ್ಯಾಳ, ಅವತ್ತಿಂದ ಹಠ. ಇದರಿಂದ ಏನಾಗೂದೈತಿ, ನೀವ ಹೇಳ್ರಿ.

ಮಾಸ್ತರು: ಆಕಿ ಯಾರನ್ನ ನೋಡ್ಯಾಳ ಅನ್ನೂದು ನನಗ ಗೊತ್ತು, ನನಗೂ ತೋರಿಸಿದ್ಲು. ಆನಂದಕುಮಾರ್ ವೇಲ್‌ಕುಮಾರ್, ಚೆನ್ನೈ ಹುಡುಗ. 2021ರಾಗ ಕೊಲಂಬಿಯಾದ ಇಬಾಗೆ ಅನ್ನೂ ಊರಾಗ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್ ನಡೀತು. ಅಲ್ಲಿ 15 ಕಿಲೋಮೀಟರ್ ಓಟದಾಗ ಬೆಳ್ಳಿ ಗೆದ್ದ. ಈ ಆಟದಾಗ ವಿಶ್ವಮಟ್ಟದ ಪದಕ ಅಂತ ನಮ್ಮ ದೇಶ ಕಂಡಿದ್ದು ಅದ ಮೊದಲು. ನಾಕು ವರ್ಷದ ಮ್ಯಾಲೆ, 2025ರ ಸೆಪ್ಟೆಂಬರ್‌ನ್ಯಾಗ, ಚೀನಾದ ಬೈದಾಯ್ಹೆಯೊಳಗ ದೊಡ್ಡವರ 1000 ಮೀಟರ್ ಓಟ 1 ನಿಮಿಷ 24.924 ಸೆಕೆಂಡಿನ್ಯಾಗ ಮುಗಿಸಿ ವಿಶ್ವ ಚಾಂಪಿಯನ್ ಆದ. ಅಲ್ಲೇ 42 ಕಿಲೋಮೀಟರ್ ಮ್ಯಾರಥಾನನ್ನೂ ಗೆದ್ದ. ಆಗ ಅವಗ 22 ವರ್ಷ.

ರೈತ: ಚೆನ್ನೈ ಅಂದ್ರ ಮಹಾನಗರ. ಅಲ್ಲಿ ರಿಂಕ್ ಇರತಾವ, ಕಲಿಸೋರು ಇರತಾರ. ಇಲ್ಲೇನೈತ್ರಿ? ಕರೀ ಮಣ್ಣು, ಗುಡ್ಡದ ಮ್ಯಾಲೆ ಗಾಳಿ ಫ್ಯಾನು. ಮಳಿ ಬಂದ್ರ ಕಾಲು ಕಿತ್ತಿಡಾಕ ಬರೂದಿಲ್ಲ.

ಮಾಸ್ತರು: ನೀ ಕೇಳಿದ್ದು ಚಲೋ ಪ್ರಶ್ನಿ. ಹಂಗಾದ್ರ ಮತ್ತೊಬ್ಬನ ಕಥಿ ಹೇಳತೀನಿ, ಪೂರಾ ಕೇಳು. ಅಂವ ಹುಟ್ಟಿದ್ದು 1958ರ ಜೂನ್‌ದಾಗ. ನಾನೂ ಅದ ವರ್ಷದವ. 1980ರಾಗ ನಾ ವ್ಯಾಯಾಮ ಶಿಕ್ಷಕರ ತರಬೇತಿಗೆ ಹೋಗಿದ್ದೆ. ಒಂದಿನ ವಾಚನಾಲಯದಾಗ ಪೇಪರ್ ತಿರುವಿದ್ರ ಒಂದು ಮೂಲ್ಯಾಗ ನಾಕು ಸಾಲಿನ ಸುದ್ದಿ: ಒಬ್ಬನ ಮನಷ್ಯಾ, ಒಂದ ಒಲಿಂಪಿಕ್ಸಿನ್ಯಾಗ, ಐದು ಬಂಗಾರ. ಹೆಸರು ಎರಿಕ್ ಹೈಡನ್. ನನ್ನ ವಯಸ್ಸಿನವ ಐದು ಬಂಗಾರ ಗೆದ್ದಾನ ಅಂತ ಓದಿ ನಾ ಕೂತಲ್ಲೇ ಕೂತುಬಿಟ್ಟೆ. ಅವತ್ತಿಂದ ಅವನ ಸುದ್ದಿ ಸಿಕ್ಕಲ್ಲೆಲ್ಲ ಓದಿಕೊಂತ ಬಂದೀನಿ.

ರೈತ: ಓಟದಾಗೇನ್ರಿ?

ಮಾಸ್ತರು: ಬರ್ಫದ ಮ್ಯಾಲಿನ ಓಟ, ಸ್ಪೀಡ್ ಸ್ಕೇಟಿಂಗ್. 400 ಮೀಟರಿನ ಮೊಟ್ಟಿ ಆಕಾರದ ಹಾದಿ, ಎಲ್ಲಾ ಬರ್ಫ. ಬೂಟಿನ ಕೆಳಗ ಗಾಲಿ ಬದಲಿ ಉದ್ದನ ಉಕ್ಕಿನ ಅಲಗು. ಒಮ್ಮಿಗೆ ಇಬ್ಬರ ಓಡತಾರ, ಒಬ್ಬಂವ ಒಳಗಿನ ಹಾದಿ, ಒಬ್ಬಂವ ಹೊರಗಿನ ಹಾದಿ. ಪ್ರತಿ ಸುತ್ತಿಗೂ ಹಾದಿ ಬದಲಿ ಮಾಡಿಕೊಳ್ಳಬೇಕು, ಅಂದ್ರ ಇಬ್ಬರಿಗೂ ದೂರ ಸಮ ಆಗತೈತಿ. ಬಾಜೂಕ ಓಡಾವ ನೆಪಕ್ಕ ಮಾತ್ರ. ಖರೆ ಸ್ಪರ್ಧಿ ಗಡಿಯಾರ. ನಮ್ಮ ಗಾಲಿ ಓಟ ಇದರ ಮಗಳು ಇದ್ದಂಗ. ಅದ ಬಾಗಿದ ಬೆನ್ನು, ಅದ ಮಡಚಿದ ಮೊಣಕಾಲು, ಅದ ಒದ್ದು ಜಾರೂದು.

ರೈತ: ಐದು ಬಂಗಾರ ಅಂದ್ರ ಐದು ಓಟ?

ಮಾಸ್ತರು: ಐದು ಬ್ಯಾರೆ ಬ್ಯಾರೆ ದೂರ. 500 ಮೀಟರ್, 1000, 1500, 5000, ಕಡೀಕ 10000. ನಿನ್ನ ಭಾಷಾದಾಗ ಹೇಳತೀನಿ. ಗಾಡಿ ಶರ್ಯತ್ತಿನ ಎತ್ತು ಬ್ಯಾರೆ, ದಿನಪೂರ್ತಿ ರಂಟಿ ಎಳೆಯೂ ಎತ್ತು ಬ್ಯಾರೆ. ಹೌದಲ್ಲೋ?

ರೈತ: ಹೌದ್ರೀ. ಶರ್ಯತ್ತಿನ ಎತ್ತು ನಾಕು ಸಾಲಿಗೆ ಏದುಸಿರು ಬಿಡತೈತಿ. ರಂಟಿ ಎತ್ತು ಶರ್ಯತ್ತಿಗೆ ಹೂಡಿದ್ರ ಹಿಂದ ಉಳೀತೈತಿ.

ಮಾಸ್ತರು: ಒಂದ ಎತ್ತು ಬೆಳಿಗ್ಗೆ ಶರ್ಯತ್ತು ಗೆದ್ದು, ಅದ ವಾರದಾಗ ಇಡೀ ಊರಿಗಿಂತ ಹೆಚ್ಚು ಹೊಲ ಹೊಡೀತು ಅನ್ನು. ಹಂಗ ಮಾಡಿದ ಅಂವ. ಫೆಬ್ರುವರಿ 15ಕ್ಕ 500 ಮೀಟರ್. ಬಾಜೂಕ ಸೋವಿಯತ್ತಿನ ಯೆವ್ಗೆನಿ ಕುಲಿಕೋವ್, ಹಿಂದಿನ ಒಲಿಂಪಿಕ್ಸಿನ ವಿಜೇತ, ವಿಶ್ವದಾಖಲೆ ಅವನ ಹೆಸರಲೇ ಇತ್ತು. ಹೈಡನ್ 38.03 ಸೆಕೆಂಡು, ಕುಲಿಕೋವ್ 38.37. ಲೆಕ್ಕ ಹಾಕು, ಸೆಕೆಂಡಿಗೆ 13 ಮೀಟರ್. ನೀ ಒಮ್ಮಿ ಕಣ್ಣು ಮುಚ್ಚಿ ತೆಗಿಯೂದ್ರಾಗ ಈ ಕಟ್ಟಿ ದಾಟಿ ಹೋಗಿರತಾನ. ಮರುದಿನ 5000, ಒಂದ ಸೆಕೆಂಡಿನ ಅಂತರದಾಗ ಗೆದ್ದ. 19ಕ್ಕ 1000. 21ಕ್ಕ 1500. ಅವತ್ತು ಒಂದು ತಿರುವಿನ್ಯಾಗ ಕಾಲು ಜಾರಿತು, ಬೀಳೂಹಂಗಾತು, ಸಾವರಿಸಿಕೊಂಡು ಗೆದ್ದ. 23ಕ್ಕ 10000 ಮೀಟರ್, 25 ಸುತ್ತು. ಹಿಂದಿನ ರಾತ್ರಿ ಅಮೆರಿಕಾದ ಐಸ್ ಹಾಕಿ ತಂಡ ಸೋವಿಯತ್ತನ್ನ ಸೋಲಿಸಿತ್ತು. ಆ ಪಂದ್ಯ ನೋಡಾಕ ಹೋಗಿದ್ದ, ಹೊತ್ತಾಗಿ ಮಲಗಿದ, ಮುಂಜಾನೆ ಎಚ್ಚರ ಆಗಲಿಲ್ಲ. ಗಡಬಡಿಸಿ ಎದ್ದು, ಬ್ರೆಡ್ ತುಣುಕು ತಿಂದು ಬಂದು ನಿಂತ. 14 ನಿಮಿಷ 28.13 ಸೆಕೆಂಡು. ಹಳೇ ವಿಶ್ವದಾಖಲೆ ಆರು ಸೆಕೆಂಡಿಗಿಂತ ಹೆಚ್ಚು ಹಿಂದ ಬಿತ್ತು.

ರೈತ: ಅಬ್ಬಬ್ಬಾ.

ಮಾಸ್ತರು: ಇನ್ನೊಂದು ಕೇಳು. ಆ ಚಳಿಗಾಲದ ಒಲಿಂಪಿಕ್ಸಿನ್ಯಾಗ ಸೋವಿಯತ್ ದೇಶ 10 ಬಂಗಾರ ಗೆದ್ದಿತ್ತು, ಪೂರ್ವ ಜರ್ಮನಿ 9. ಮೂರನೇ ಜಾಗಾದಾಗ ಅಮೆರಿಕಾ, 6. ಅದರಾಗ ಐದು ಇವನವು, ಒಂದು ಆ ಹಾಕಿ ತಂಡದ್ದು. ಈ ಎಲ್ಲಾ ನಡೆದದ್ದು ಎಲ್ಲಿ ಅಂತ ಮಾಡೀ? ನ್ಯೂಯಾರ್ಕ್ ರಾಜ್ಯದ ಗುಡ್ಡದೊಳಗಿನ ಲೇಕ್ ಪ್ಲಾಸಿಡ್ ಅನ್ನೂ ಊರಾಗ. ಪಟ್ಟಣ ಅಲ್ಲ, ಸರಕಾರಿ ಲೆಕ್ಕದಾಗೂ ಅದು ಹಳ್ಳಿನ. ಓಡೂ ಹಾದಿ ಇದ್ದದ್ದು ಆ ಊರ ಹೈಸ್ಕೂಲಿನ ಮುಂದ. 1932ರಾಗೂ ಒಲಿಂಪಿಕ್ಸ್ ಅಲ್ಲೇ ಆಗಿತ್ತು. ಆಗ ಅದ ಊರಾಗ ಹುಟ್ಟಿ ಬೆಳೆದ ಜಾಕ್ ಶಿಯಾ ಅನ್ನಾವ 500ರಾಗ ಒಂದು, 1500ರಾಗ ಒಂದು, ಎರಡು ಬಂಗಾರ ಗೆದ್ದಿದ್ದ.

ರೈತ: ಹಳ್ಳಿ ಆದ್ರೂ ಅದು ಬರ್ಫ ಬೀಳೂ ಹಳ್ಳಿರೀ ಸರ. ಅವ್ರಿಗೆ ಆಟದ ನೆಲ ದೇವರ ಹಾಸಿಕೊಡತಾನ.

ಮಾಸ್ತರು: ನಾ ಹೇಳಬೇಕಂತ ಇದ್ದದ್ದು ಇಲ್ಲೇ ಐತಿ. ಹೈಡನ್ ಬೆಳೆದದ್ದು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ದಾಗ. ಚಳಿಗಾಲದಾಗ ಅಲ್ಲಿ ಕೆರಿ ಹೆಪ್ಪುಗಟ್ಟತಾವ, ಖರೆ. ವರ್ಷದಾಗ ಉಳಿದ ತಿಂಗಳು? ಬರ್ಫ ಇಲ್ಲ. ಯಂತ್ರದಲೇ ಬರ್ಫ ಕಟ್ಟೂ ಪೂರ್ಣ ಅಳತೀ ಹಾದಿ ಅವನ ಹುಡುಗತನದಾಗ ಆ ದೇಶಕ್ಕೆಲ್ಲ ಒಂದ ಇತ್ತು, ಮಿಲ್ವಾಕಿ ಹತ್ತಿರದ ವೆಸ್ಟ್ ಆಲಿಸ್‌ನ್ಯಾಗ. ಇವನ ಮನಿಯಿಂದ ನೂರು ಕಿಲೋಮೀಟರ್ ಮ್ಯಾಲೆ. ಹಂಗಾದ್ರ ಉಳಿದ ದಿನ ಅಂವ ಏನು ಮಾಡಿದ?

ರೈತ: ಏನು ಮಾಡಿದ?

ಮಾಸ್ತರು: ನೀ ಬ್ಯಾಸಗ್ಯಾಗ ಏನು ಮಾಡತೀ?

ರೈತ: ನಾನೇನ್ರಿ, ಕಡಲಿ ಕಿತ್ತ ಮ್ಯಾಲೆ ರಂಟಿ ಹೊಡೀತೀನಿ. ಹೆಂಟಿ ಬಿಸಿಲಿಗೆ ಕಾಯಬೇಕು. ಕುಂಟಿಲೇ ಹರಗತೀನಿ. ಮಳಿಗೆ ದಾರಿ ಮಾಡಿ ಕೂಡತೀನಿ.

ಮಾಸ್ತರು: ಅಂವ ಮಾಡಿದ್ದೂ ಅದ. ಬ್ಯಾಸಗಿ ಉಳುಮಿ. ಬಾತುಕೋಳಿ ಹಂಗ ಕುಕ್ಕರಗಾಲಿಲೇ ಗುಡ್ಡ ಹತ್ತೂದು. ಮೊಣಕಾಲು ಮಡಚಿ ಹಂಗ ಕೆಳಗ ಉಳಿದು ಹೆಜ್ಜಿ ಹಾಕೂದು. ಭಾರ ಎತ್ತೂದು. ತಾಸುಗಟ್ಟಲೆ ಸೈಕಲ್ ತುಳಿಯೂದು. ಮತ್ತೊಂದು, ಜಾರು ಹಲಗಿ. ನುಣ್ಣನ ಹಲಗಿ, ಎರಡೂ ತುದೀಗೆ ತಡಿ ಹೊಡೆದಿರತಾರ. ಕಾಲಿಗೆ ಉಣ್ಣೀ ಕಾಲುಚೀಲ ಹಾಕ್ಕೊಂಡು ಈ ತುದಿ ಒದ್ದು ಆ ತುದೀಗೆ ಜಾರೂದು, ಆ ತುದಿ ಒದ್ದು ಈ ತುದೀಗೆ. ಮನ್ಯಾಗ, ಬರ್ಫ ಇಲ್ಲದ ದಿನದಾಗ, ನೋಡಾವ ಒಬ್ಬನೂ ಇಲ್ಲದಲ್ಲಿ. ಲೇಕ್ ಪ್ಲಾಸಿಡ್‌ನ್ಯಾಗ ಮಂದಿ ಅವನ ಒನಕಿಯಂಥಾ ತೊಡಿ ನೋಡಿ ಬಾಯಿ ಬಿಟ್ರು. ಆ ತೊಡಿ ಬಂದದ್ದು ಬ್ಯಾಸಗ್ಯಾಗ.

ರೈತ: ಒದ್ದು ಬಾಜೂಕ ಜಾರೂದು ಯಾಕ? ಹೋಗಬೇಕಾದದ್ದು ಮುಂದಲ್ಲೇನ್ರಿ?

ಮಾಸ್ತರು: ಈ ಆಟದ ಗುಟ್ಟ ಅದು. ಓಡಾವ ನೆಲಾನ ಹಿಂದಕ್ಕ ಒದಿತಾನ. ಸ್ಕೇಟ್ ಮಾಡಾವ ಹಿಂದಕ್ಕ ಒದ್ರ ಅಲಗು ಜಾರಿಬಿಡತೈತಿ, ಆಧಾರ ಸಿಗೂದಿಲ್ಲ. ಅದಕ್ಕ ಬಾಜೂಕ ಒದಿಬೇಕು. ಮೊಣಕಾಲು ಎಷ್ಟು ಮಡಚತೀಯೋ ಅಷ್ಟು ಉದ್ದ ಒದಿಯಾಕ ಬರತೈತಿ. ಬೆನ್ನು ಎಷ್ಟು ಬಾಗಿಸತೀಯೋ ಅಷ್ಟು ಗಾಳಿ ತಪ್ಪತೈತಿ. ಒದ್ದ ಮ್ಯಾಲೆ ಒಂದ ಕಾಲಿನ ಮ್ಯಾಲೆ ಅಲುಗದಂಗ ನಿಂತು, ಆ ಜಾರು ಪೂರಾ ತೀರೂಕಿಂತ ಸ್ವಲ್ಪ ಮೊದ್ಲ ಇನ್ನೊಂದು ಕಾಲು ಒದಿಬೇಕು. ನಿನ್ನ ಮಗಳನ್ನ ನಾ ನೋಡೀನಿ. ಸೆಟೆದು ನಿಂತು ಸಣ್ಣ ಸಣ್ಣ ಹೆಜ್ಜಿ ಹಾಕತಾಳ. ಅದಕ್ಕ ನಾಕು ಕಾಳು ಆಕೀನ್ನ ಬೀಳಿಸಿದ್ವು. ಕೆಳಗ ಕೂತಾವ ಬೀಳೂದು ಕಮ್ಮಿ, ಬಿದ್ರೂ ಪೆಟ್ಟು ಕಮ್ಮಿ.

ರೈತ: ಇಷ್ಟೆಲ್ಲ ಅವಗ ಹೇಳಿಕೊಟ್ಟಾವ ಯಾರು?

ಮಾಸ್ತರು: ಹೇಳಿಕೊಟ್ಟಾಕಿ ಅನ್ನು. ಡಯಾನ್ ಹೋಲಮ್. 1972ರ ಸಪ್ಪೊರೊ ಒಲಿಂಪಿಕ್ಸಿನ್ಯಾಗ 1500 ಮೀಟರ್ ಬಂಗಾರ ಗೆದ್ದಾಕಿ. ಮ್ಯಾಡಿಸನ್‌ದಾಗ ಈ ಹುಡುಗನ್ನ, ಅವನ ತಂಗಿ ಬೆತ್‌ನ್ನ ತಯಾರು ಮಾಡಿದಾಕಿ. ಹುಡುಗಗ 17 ಇದ್ದಾಗ 1976ರ ಇನ್ಸ್‌ಬ್ರುಕ್ ಒಲಿಂಪಿಕ್ಸಿಗೆ ಹೋಗಿದ್ದ. 1500ರಾಗ ಏಳನೇಯವ, 5000ದಾಗ ಹತ್ತೊಂಬತ್ತನೇಯವ. ಯಾರೂ ತಿರುಗಿ ನೋಡಲಿಲ್ಲ. ಮರುವರ್ಷ ವಿಶ್ವ ಚಾಂಪಿಯನ್ ಆದ, 1977, 78, 79, ಮೂರು ವರ್ಷ ಸಾಲಾಗಿ. ನಾರ್ವೆ, ಹಾಲೆಂಡಿನ ಮಂದಿ ಅವನ್ನ ಹೊತ್ತು ತಿರುಗಿದ್ರು. ಅವನ ದೇಶದಾಗ ಅವನ ಹೆಸರು ಬಲ್ಲವ್ರು ಕಮ್ಮಿ.

ರೈತ: ತಂಗಿ ಅಂದ್ರಲ್ಲ. ಆಕಿ ಏನಾದ್ಲು?

ಮಾಸ್ತರು: ನೀ ಇದನ್ನ ಕೇಳತೀ ಅಂತ ನನಗ ಗೊತ್ತಿತ್ತು. ಬೆತ್ ಹೈಡನ್ 1979ರಾಗ ಹೆಣ್ಣುಮಕ್ಕಳ ವಿಶ್ವ ಚಾಂಪಿಯನ್. ಹಿಂಗಾಗಿ ಲೇಕ್ ಪ್ಲಾಸಿಡ್‌ನ್ಯಾಗ ಆಕೀನೂ ಬಂಗಾರದ ರಾಶಿ ತರತಾಳಂತ ಪತ್ರಿಕೆಯವರು ಮೊದ್ಲ ಬರೆದುಬಿಟ್ಟಿದ್ರು. 3000 ಮೀಟರಿನ್ಯಾಗ ಕಂಚು ಬಂತು. ಒಲಿಂಪಿಕ್ಸ್ ಕಂಚು ಅಂದ್ರ ಎಷ್ಟು ದೊಡ್ಡದು! ಆದ್ರ ಅಣ್ಣನ ಐದು ಬಂಗಾರದ ಬಾಜೂಕ ಇಟ್ಟು ಅದನ್ನ ಸೋಲು ಅಂದ್ರು. ಆ ಮಾತು ಆಕಿಗೆ ಭಾಳ ನೋವು ಕೊಟ್ಟಿತು. ಆಕಿ ಕೂಡಲಿಲ್ಲ. ಅದ 1980ರಾಗ, ಫ್ರಾನ್ಸಿನ ಸಲಾಂಶ್ ಗುಡ್ಡದ ಹಾದಿಯೊಳಗ, ಸೈಕಲ್ ರಸ್ತೆ ಓಟದ ವಿಶ್ವ ಚಾಂಪಿಯನ್ ಆದ್ಲು. 1983ರಾಗ ಅಮೆರಿಕಾದ ಕಾಲೇಜುಗಳ ಸ್ಕೀ ಓಟಾನೂ ಗೆದ್ಲು. ಬ್ಯಾಸಗ್ಯಾಗ ತುಳಿದ ಸೈಕಲ್ ಆಕಿಗೆ ಇನ್ನೊಂದು ಬಾಗಿಲು ತೆಗೀತು.

ರೈತ: ಸೈಕಲ್ ಅಂದ್ರ ನಮ್ಮ ಸೀಮಿ ಆಟ ಆತಲ್ರಿ.

ಮಾಸ್ತರು: ಮತ್ತೇನು! ವಿಜಯಪುರ, ಬಾಗಲಕೋಟಿ, ಗದಗ, ಈ ಮೂರು ಜಿಲ್ಲಾದ ಹುಡುಗ ಹುಡುಗ್ಯಾರು ಸೈಕಲ್ ತುಳಿದು ರಾಷ್ಟ್ರಮಟ್ಟಕ್ಕ ಹೋಗ್ಯಾರ. ಸೈಕಲ್, ಸ್ಕೇಟಿಂಗ್, ಈ ಎರಡು ಆಟ ಒಂದ ತಾಯಿ ಮಕ್ಕಳು, ಎರಡಕ್ಕೂ ತೊಡೀನ ದುಡಿಬೇಕು. ಪೂರ್ವ ಜರ್ಮನಿಯ ಕ್ರಿಸ್ಟಾ ಲೂಡಿಂಗ್ ಅನ್ನಾಕಿ 1988ರಾಗ ಚಳಿಗಾಲದ ಒಲಿಂಪಿಕ್ಸಿನ್ಯಾಗ ಸ್ಕೇಟಿಂಗ್ ಬಂಗಾರ ಗೆದ್ಲು, ಅದ ವರ್ಷ ಸೋಲ್ ಒಲಿಂಪಿಕ್ಸಿನ್ಯಾಗ ಸೈಕಲ್‌ಗೆ ಬೆಳ್ಳಿ. ಹೈಡನ್ನೂ ಹಂಗ. 1985ರಾಗ ಅಮೆರಿಕಾದ ವೃತ್ತಿಪರ ಸೈಕಲ್ ಚಾಂಪಿಯನ್ ಆದ. 1986ರಾಗ ಟೂರ್ ಡಿ ಫ್ರಾನ್ಸಿಗೆ ಹೋದ. ಮುಗಿಯಾಕ ಐದು ದಿನ ಇದ್ದಾಗ ಗುಡ್ಡ ಇಳಿಯೂ ಮುಂದ ಬಿದ್ದು, ಅಲ್ಲಿಗೆ ನಿಲ್ಲಿಸಬೇಕಾತು.

ರೈತ: ಸರ, ಒಂದು ಮಾತು ಬಿಚ್ಚಿ ಕೇಳತೀನಿ. ಈ ಹೈಡನ್ ಅಪ್ಪ ಏನು ಮಾಡತಿದ್ದ?

ಮಾಸ್ತರು: ಎಲುಬಿನ ಡಾಕ್ಟರ್ ಇದ್ದ.

ರೈತ: ನೋಡ್ರಿ ಮತ್ತ. ಡಾಕ್ಟರ್ ಮಗ ಬಿದ್ರ ಹಿಡಿಯಾಕ ಮನಿ ಐತಿ. ನನ್ನ ಮಗಳು ಬಿದ್ರ ಗಜೇಂದ್ರಗಡದ ದವಾಖಾನಿಗೆ ಹೋಗಾಕ ಬಸ್ಸಿಗೆ ಕಾಯಬೇಕು. ಹೋದ ವರ್ಷ ಉಳ್ಳಾಗಡ್ಡಿ ದರ ಬಿದ್ದು ನಾ ಇನ್ನೂ ಎದ್ದಿಲ್ಲ.

ಮಾಸ್ತರು: ನೀ ಹೇಳಿದ್ದು ಸುಳ್ಳಲ್ಲ, ನಾ ಅದನ್ನ ಮುಚ್ಚಿಡೂದಿಲ್ಲ. ಮನ್ಯಾಗ ಇದ್ದವರಿಗೆ ಹಾದಿ ಸಲೀಸು. ಆದ್ರ ಡಾಕ್ಟರ್ ಮಕ್ಕಳ ಗೆದ್ದಾರ ಅಂತ ತಿಳೀಬ್ಯಾಡ. ಡ್ಯಾನ್ ಜಾನ್ಸನ್ ಅಂತ ಇದ್ದ. ವೆಸ್ಟ್ ಆಲಿಸ್ ಅಂದ್ನಲ್ಲ, ಆ ಊರವ. ಅಪ್ಪ ಪೊಲೀಸ, ಅವ್ವ ನರ್ಸ್. ಒಂಬತ್ತು ಮಕ್ಕಳ ಪೈಕಿ ಕಡೇ ಕೂಸು. 1988ರ ಕ್ಯಾಲ್ಗರಿ ಒಲಿಂಪಿಕ್ಸಿಗೆ ಹೋದಾಗ 500ರಾಗ ಅವನ ಗೆಲ್ಲತಾನ ಅಂತಿದ್ರು. ಫೆಬ್ರುವರಿ 14, ಅವನ ಓಟದ ದಿನ. ಮುಂಜಾನೆ ಮನಿಯಿಂದ ಫೋನ್ ಬಂತು. ಅಕ್ಕ ಜೇನ್‌ಗೆ ರಕ್ತದ ಕ್ಯಾನ್ಸರ್ ಇತ್ತು. ಅವತ್ತ ತೀರಿಕೊಂಡ್ಲು.

ರೈತ: ಅಯ್ಯೋ ಶಿವನ.

ಮಾಸ್ತರು: ಸಂಜಿಕ ಓಡಾಕ ನಿಂತ. ಮೊದಲನೇ ತಿರುವಿನ್ಯಾಗ ಬಿದ್ದ. ನಾಕು ದಿನ ಬಿಟ್ಟು 1000 ಮೀಟರ್, ಚಲೋ ಓಡಾಕತ್ತಿದ್ದ, ಅದರಾಗೂ ಬಿದ್ದ. 1992ರ ಆಲ್ಬರ್ಟ್‌ವಿಲ್‌ದಾಗ 500ಕ್ಕ ನಾಕನೇಯವ, 1000ಕ್ಕ ಇಪ್ಪತ್ತಾರನೇಯವ. 1994ರ ಲಿಲ್ಲೆಹ್ಯಾಮರ್‌ನ್ಯಾಗ 500ರಾಗ ಮತ್ತ ಕಾಲು ಜಾರಿ ಎಂಟನೇ ಜಾಗ. ಒಲಿಂಪಿಕ್ಸಿನ್ಯಾಗ ಅವಗ ಉಳಿದದ್ದು ಒಂದ ಓಟ, 1000 ಮೀಟರ್. ಅವನ ಗಟ್ಟಿ ದೂರ ಅದಲ್ಲ. ಓಡಿದ. ಕಡೀ ಸುತ್ತಿನ್ಯಾಗ ಮತ್ತೊಮ್ಮಿ ಜಾರಿತು, ಕೈ ಬರ್ಫಕ್ಕ ತಾಗಿತು, ತಡಕೊಂಡ. 1 ನಿಮಿಷ 12.43 ಸೆಕೆಂಡು. ವಿಶ್ವದಾಖಲೆ, ಬಂಗಾರ. ಆಮ್ಯಾಲೆ ಒಂದು ವರ್ಷದೊಳಗಿನ ತನ್ನ ಮಗಳನ್ನ ಎತ್ತಿಕೊಂಡು ಬರ್ಫದ ಮ್ಯಾಲೆ ಒಂದು ಸುತ್ತು ಹಾಕಿದ. ಆ ಕೂಸಿನ ಹೆಸರು ಜೇನ್.

(ರೈತ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದ.)

ರೈತ: ಆರು ವರ್ಷ ಬಿದ್ದು ಬಿದ್ದು, ಮತ್ತೂ ನಿಂತ.

ಮಾಸ್ತರು: ನಿಂತ. ಬಿದ್ದಿದ್ದನ್ನ ಜಗತ್ತು ನೋಡಿತ್ತು. ನಡುವಿನ ಆರು ಬ್ಯಾಸಗಿ ಅಂವ ಏನು ಮಾಡಿದ ಅನ್ನೂದನ್ನ ಯಾರೂ ನೋಡಲಿಲ್ಲ. ಅದಕ್ಕ ನಾ ಅನ್ನೂದು, ಚಾಂಪಿಯನ್ ಹುಟ್ಟೂದು ಬರ್ಫ ಇಲ್ಲದ ತಿಂಗಳದಾಗ. ನಮಗ ವರ್ಷದಾಗ ಹನ್ನೆರಡು ತಿಂಗಳೂ ಬರ್ಫ ಇಲ್ಲ. ಅದು ನಮ್ಮ ಕೊರತಿ ಅಂತ ನೀ ತಿಳಿದೀ. ಆದ್ರ ಅವ್ರು ಗೆಲುವು ಬೆಳಕೊಂಡ ಹೊಲ ನಮ್ಮಲ್ಲೂ ಐತಿ. ಗುಡ್ಡ ಐತಿ, ಸೈಕಲ್ ಐತಿ, ಮುಂಜಾನೆ ತಂಪು ಐತಿ.

ರೈತ: ಗೆದ್ದ ಮ್ಯಾಲೆ ಹೈಡನ್ ಏನು ಮಾಡಿದ? ಜಾಹೀರಾತು, ಸಿನಿಮಾ?

ಮಾಸ್ತರು: ಬಂದು ಬಾಗಿಲಿಗೆ ನಿಂತಿದ್ವು. ಬಹಳಷ್ಟಕ್ಕ ಒಲ್ಲೆ ಅಂದ. ಮುಂದಿನ ತಿಂಗಳ ಹಾಲೆಂಡಿನ ಹೀರನ್‌ವೇನ್‌ದಾಗ ವಿಶ್ವ ಚಾಂಪಿಯನ್‌ಶಿಪ್ಪಿನ್ಯಾಗ ಎರಡನೇಯವ ಆದ, ಅಲ್ಲಿಗೆ ಸ್ಕೇಟಿಂಗ್ ಬಿಟ್ಟ. ವಯಸ್ಸು 21. ಸೈಕಲ್ ತುಳಿದ. ಓದಿದ. 1991ರಾಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ತಗೊಂಡು ಅಪ್ಪನ ಹಂಗ ಎಲುಬಿನ ಡಾಕ್ಟರ್ ಆದ. ಅಮೆರಿಕಾದ ಸ್ಕೇಟಿಂಗ್ ತಂಡಕ್ಕ ವೈದ್ಯ ಆದ. 2009ರಾಗ ಜೆ.ಆರ್. ಸೆಲ್ಸ್ಕಿ ಅನ್ನೂ ಹುಡುಗ ಒಲಿಂಪಿಕ್ಸ್ ಆಯ್ಕೆ ಓಟದಾಗ ಬಿದ್ದು, ತನ್ನ ಬೂಟಿನ ಅಲಗು ತನ್ನ ತೊಡಿಗೆ ಹೊಕ್ಕು ಸೀಳಿತು. ಆ ಹುಡುಗನ್ನ ಉಳಿಸಿಕೊಂಡ ಡಾಕ್ಟರ್‌ಗಳ ತಂಡದಾಗ ಹೈಡನ್ ಇದ್ದ. ಐದು ತಿಂಗಳ ಮ್ಯಾಲೆ ಅದ ಹುಡುಗ ವ್ಯಾಂಕೂವರ್‌ನ್ಯಾಗ ಎರಡು ಕಂಚು ಗೆದ್ದ. ಐದು ಬಂಗಾರದಷ್ಟ ಹೆಮ್ಮಿ ನನಗ ಈ ಎರಡು ಕಂಚಿನ ಮ್ಯಾಲೂ ಐತಿ.

ರೈತ: ಅಂದ್ರ ಆಟ ಆಡಿದ್ರ ಓದು ಕೆಡತೈತಿ ಅನ್ನೂದು...

ಮಾಸ್ತರು: ಆಟಕ್ಕ ಹೊತ್ತು ಇಡಾವ ಓದಿಗೂ ಹೊತ್ತು ಇಡತಾನ. ಹೊತ್ತಿನ ಬೆಲಿ ಅವಗ ಗೊತ್ತಿರತೈತಿ. ಸೆಕೆಂಡನ್ನ ನೂರು ಪಾಲು ಮಾಡಿ ನೋಡಾವ ಅಂವ. ನೂರರಾಗ ಒಂದು ಪಾಲು ಅಂದ್ರ ಏನು ಅಂತ ಹೇಳತೀನಿ. 2023ರ ಅಕ್ಟೋಬರ್ 2. ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್. ಗಾಲಿ ಓಟ, 3000 ಮೀಟರ್ ರಿಲೇ. ಕಡೀ ತಿರುವು ದಾಟಿ ದಕ್ಷಿಣ ಕೊರಿಯಾದ ಹುಡುಗ ಮುಂದಿದ್ದ. ಗೆದ್ದೆ ಅಂತ ಗೆರಿ ಮುಂದ ಎದ್ದು ನಿಂತು ಎರಡೂ ಕೈ ಮ್ಯಾಲೆ ಎತ್ತಿದ. ಹಿಂದಿದ್ದ ತೈವಾನಿನ ಹುವಾಂಗ್ ಯು-ಲಿನ್ ಬಾಗಿದ್ದ ಬೆನ್ನು ಎತ್ತಲಿಲ್ಲ, ಎಡಗಾಲು ಮುಂದ ಚಾಚಿದ. 4 ನಿಮಿಷ 5.692 ಸೆಕೆಂಡು ತೈವಾನ್, 5.702 ಕೊರಿಯಾ. ಸೆಕೆಂಡಿನ ನೂರನೇ ಒಂದು ಪಾಲಿಗೆ ಬಂಗಾರ ಹೋತು.

ರೈತ: ಚೀಲ ಹೊಲಿದು ಮನಿಗೆ ಬರೂತನಕ ಸುಗ್ಗಿ ಮುಗೀತು ಅನ್ನಬಾರದು.

ಮಾಸ್ತರು: ಸರಿಯಾಗಿ ಹೇಳಿದಿ. ಅದ ಓಟದಾಗ ಮೂರನೇದು ಯಾರು ಗೊತ್ತೇನು? ನಮ್ಮವ್ರು. ಆನಂದಕುಮಾರ್, ಆರ್ಯನ್‌ಪಾಲ್ ಸಿಂಗ್ ಘುಮನ್, ಸಿದ್ಧಾಂತ್ ಕಾಂಬಳೆ, ವಿಕ್ರಮ್ ಇಂಗಳೆ. ಅವತ್ತ ನಮ್ಮ ಹೆಣ್ಣುಮಕ್ಕಳ ತಂಡಾನೂ ರಿಲೇದಾಗ ಕಂಚು ಗೆದ್ದಿತು. ಸಂಜನಾ ಬತುಲಾ, ಕಾರ್ತಿಕಾ ಜಗದೀಶ್ವರನ್, ಹೀರಲ್ ಸಾಧು, ಆರತಿ ಕಸ್ತೂರಿರಾಜ್. ಆ ನಾಕು ಹೆಸರು ನಿನ್ನ ಮಗಳಿಗೆ ಬಾಯಿಪಾಠ ಅದಾವ. ನೀ ಕೇಳಿಲ್ಲ, ಅದಕ್ಕ ಹೇಳಿಲ್ಲ.

(ಹುಡುಗಿ ಮನೆ ಕಡೆಯಿಂದ ಬಂದಳು. ಮೊಣಕಾಲಿಗೆ ಅರಿಶಿಣ ಹಚ್ಚಿದ ಪಟ್ಟಿ. ಬೂಟು ನೋಡಿ ದೂರವೇ ನಿಂತಳು.)

ಮಾಸ್ತರು: ಬಾ ಯವ್ವಾ. ಅಂಜಬ್ಯಾಡ, ಬೂಟು ಎಲ್ಲೂ ಹೋಗೂದಿಲ್ಲ. ಆದ್ರ ಗಾಯ ಆರೂತನಕ ಅದನ್ನ ಹಾಕ್ಕೊಳ್ಳೂದು ಬ್ಯಾಡ.

ಹುಡುಗಿ: ಅಷ್ಟು ದಿನ ಸುಮ್ನ ಕೂಡಲೇನ್ರಿ ಸರ?

ಮಾಸ್ತರು: ಸುಮ್ನ ಕೂಡಾಕ ಯಾರು ಹೇಳಿದ್ರು? ಗಾಯ ಆರಿ ಕಾಲು ಮಡಚಾಕ ಬಂದ ದಿನದಿಂದ ಬೂಟು ಇಲ್ಲದ ಪಾಠ. ಏನಪಾ, ನಿಮ್ಮ ಅಡಿಗಿ ಕಟ್ಟಿ ಮಾಡಿಸಿದಾಗ ಇಳಕಲ್ಲಿನಿಂದ ತಂದ ಗ್ರಾನೈಟ್ ಹಲಗಿ ಒಂದು ಉಳಿದಿತ್ತಲ್ಲ?

ರೈತ: ಐತ್ರಿ, ದನದ ಮನೀ ಗ್ವಾಡಿಗೆ ಆನಿಸಿಟ್ಟೀನಿ. ಆರು ಫೂಟಿನ ಮ್ಯಾಲೆ ಐತಿ.

ಮಾಸ್ತರು: ಅದನ್ನ ಪಡಸಾಲ್ಯಾಗ ಮಟ್ಟಸ ಹಾಸು. ಎರಡೂ ತುದೀಗೆ ಹಳೇ ಬಾಗಿಲ ಚೌಕಟ್ಟಿನ ತುಂಡು ಇಟ್ಟು, ಅಲುಗದಂಗ ಬಿಗಿ ಮಾಡು. ಅದಕ್ಕ ಗೋಣಿ ಸುತ್ತು, ಪಾದಕ್ಕ ಪೆಟ್ಟಾಗಬಾರದು. ಯವ್ವಾ, ನೀ ಉಣ್ಣೀ ಕಾಲುಚೀಲ ಹಾಕ್ಕೊಂಡು ನಿಂದರಬೇಕು. ಮೊಣಕಾಲು ಮಡಚಿ, ಬೆನ್ನು ಬಾಗಿಸಿ, ಈ ತುದಿ ಒದ್ದು ಆ ತುದೀಗೆ. ಮೊದ್ಲ ವಾರ ಇಪ್ಪತ್ತು. ಆಮ್ಯಾಲೆ ನಲವತ್ತು. ಎಣಿಸೂದು ನಿಮ್ಮಪ್ಪನ ಕೆಲಸ.

ಹುಡುಗಿ: ಅದರಿಂದ ಓಡಾಕ ಬರತೈತೇನ್ರಿ?

ಮಾಸ್ತರು: ಒಬ್ಬಂವ ಇಂಥಾ ಹಲಗಿ ಮ್ಯಾಲಿಂದ ಐದು ಬಂಗಾರಕ್ಕ ಹೋದ. ನೀ ಎಲ್ಲಿಗೆ ಹೋಗತೀ ಅನ್ನೂದು ನನಗ ಗೊತ್ತಿಲ್ಲ. ಆದ್ರ ಮುಂದಿನ ಸುಗ್ಗಿ ಹೊತ್ತಿಗೆ ನಾಕು ಕಾಳು ನಿನ್ನ ಬೀಳಸಾಕ ಆಗೂದಿಲ್ಲ ಅನ್ನೂದು ಗೊತ್ತೈತಿ. ಬೇರಿಂಗ್ ನಾ ಸೀಮೆಎಣ್ಣ್ಯಾಗ ತೊಳೆದು, ಎಣ್ಣಿ ಬಿಟ್ಟು ಕೊಡತೀನಿ. ತಲಿಗೆ ಹೆಲ್ಮೆಟ್, ಮೊಣಕಾಲಿಗೆ ಮೊಣಕೈಗೆ ಪಟ್ಟಿ ಬರೂತನಕ ರಸ್ತೆಗೆ ಇಳಿಯೂಹಂಗಿಲ್ಲ. ಅಷ್ಟಾದ ಮ್ಯಾಲೆ ಹುಬ್ಬಳ್ಳಿಯೋ ಬೆಳಗಾವಿಯೋ, ಚಲೋ ರಿಂಕ್ ಇದ್ದಲ್ಲಿ ಕರಕೊಂಡು ಹೋಗಿ ತೋರಿಸೂಣು. ಏನಂತೀಯಪಾ?

(ರೈತ ಎದ್ದು ನಿಂತು ರಸ್ತೆಯ ಕಡೆ ನೋಡಿದ. ಹರವಿದ ಹೆಸರಿನ ಮೇಲೆ ಸಂಜೆಯ ಬೆಳಕು. ಬಿಟ್ಟ ಅರ್ಧ ರಸ್ತೆ ನೆಟ್ಟಗೆ ಊರ ತುದಿಯವರೆಗೆ ಹೋಗಿತ್ತು.)

ರೈತ: ನಾಳೆ ರಾಶಿ ಎತ್ತತೀವ್ರಿ. ಎತ್ತಿದ ಮ್ಯಾಲೆ ಕಸಬರಿಗಿ ತಗೊಂಡು ಈ ತುದಿಯಿಂದ ಆ ತುದೀತನಕ ನಾನ ಇನ್ನೊಮ್ಮಿ ಬಳೀತೀನಿ. ಬಾ ಮಗಳ, ಕತ್ತಲಾಗೂದ್ರಾಗ ಆ ಹಲಗಿ ತೊಳಕೊಂಡು ಒಳಗ ತರೂಣು. ಒಂದು ಕಡೆ ನೀ ಹಿಡಿ.